ಷೇರುಪೇಟೆಯ ಕಾವಲು: ಕೋಗಿಲಿನಲ್ಲಿ ನಿಂತು ನೋಡಿದಾಗ



ದತ್ತಿ ಉಪನ್ಯಾಸಕ್ಕೆ ಸಾಹಿತ್ಯದ ವಿಷಯ ಆರಿಸುವುದು ರೂಢಿ. ಷೇರುಪೇಟೆಯ ನಿಯಂತ್ರಣದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಮರುಮಾತಿಲ್ಲದೆ ಒಪ್ಪಿದರು, ಅವರಿಗೆ ನನ್ನ ಕೃತಜ್ಞತೆ. ಒಂದು ಮೊತ್ತವನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಿಂದ ಪ್ರತಿವರ್ಷ ಈ ಕಾರ್ಯಕ್ರಮ ನಡೆಯಲಿ ಎಂದು ಬಯಸಿದವರು ಅಸಲು ಅಲ್ಲೇ ಭದ್ರವಾಗಿರುತ್ತದೆ ಎಂದು ನಂಬಿದ್ದರು. ಆ ನಂಬಿಕೆಯ ಹಿಂದೆ ರಿಸರ್ವ್ ಬ್ಯಾಂಕ್ ಇದೆ, ಕಾನೂನು ಇದೆ. ಷೇರು, ಸಾಲಪತ್ರ, ಮ್ಯೂಚುವಲ್ ಫಂಡ್‌ಗಳ ವಿಷಯಕ್ಕೆ ಬಂದರೆ ಹಾಗೆ ಹಿಂದೆ ನಿಂತಿರುವುದು ಸೆಬಿ, ಅಂದರೆ ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ. ಅದು ಏನು ಮಾಡಬೇಕು, ಏನು ಮಾಡುತ್ತಿದೆ, ಎಲ್ಲಿ ಸೋಲುತ್ತಿದೆ ಎಂಬುದೇ ಇಂದಿನ ನನ್ನ ಮಾತು.

ಇದನ್ನು ಯಲಹಂಕದ ಪಕ್ಕದ ಕೋಗಿಲಿನಲ್ಲೇ ಆಡಬೇಕು ಎನ್ನಿಸಲು ಕಾರಣವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಹೊಲಗಳು ಬಡಾವಣೆಗಳಾದವು. ರಾಗಿ ಬೆಳೆಯುತ್ತಿದ್ದ ಮನೆಗಳಿಗೆ ಅವರು ಹಿಂದೆಂದೂ ಕಾಣದಷ್ಟು ಹಣ ಒಮ್ಮೆಗೇ ಬಂತು. ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರ ಕೈಗೆ ಭವಿಷ್ಯನಿಧಿ, ಗ್ರಾಚ್ಯುಟಿ ಸೇರಿತು. ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿಬರುವ ಮಕ್ಕಳ ಮೊಬೈಲಿನಲ್ಲಿ ಡಿಮ್ಯಾಟ್ ಖಾತೆ ಬಂತು. ಹಿಂದೆ ಚೀಟಿ, ಚಿನ್ನ, ಸೈಟು ಎನ್ನುತ್ತಿದ್ದ ಹಟ್ಟಿಯಲ್ಲಿ ಈಗ ಐಪಿಒ, ಎಸ್‌ಐಪಿ, ಆಪ್ಷನ್ಸ್ ಎಂಬ ಮಾತು ಕೇಳುತ್ತದೆ. ವಾಣಿಜ್ಯಶಾಸ್ತ್ರ ಪಾಠ ಮಾಡಿದವನು ಎಂಬ ಕಾರಣಕ್ಕೆ ಜನ ಕಾಗದಪತ್ರ ಹಿಡಿದು ನನ್ನ ಬಳಿಗೂ ಬರುತ್ತಾರೆ. ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸೆಬಿ ಇದೆಯಲ್ಲ ಮೇಷ್ಟ್ರೇ, ನಮ್ಮ ದುಡ್ಡು ಎಲ್ಲೂ ಹೋಗಲ್ಲ ಅಲ್ವಾ?"

ಹೋಗಬಹುದು. ನಷ್ಟ ತಡೆಯುವ ಹೊಣೆಯನ್ನು ಯಾವ ದೇಶದ ನಿಯಂತ್ರಕ ಸಂಸ್ಥೆಯೂ ಹೊತ್ತಿಲ್ಲ, ಹೊರಲೂ ಬಾರದು. ಸುಳ್ಳು ಲೆಕ್ಕ ತೋರಿಸಿ, ಒಳಗಿನ ಸುದ್ದಿ ಬಚ್ಚಿಟ್ಟು, ಕೃತಕವಾಗಿ ದರ ಏರಿಸಿ ಯಾರೂ ನಿಮ್ಮ ಹಣ ಕೀಳದಂತೆ ನೋಡಿಕೊಳ್ಳುವುದು ಅದರ ಹೊಣೆ. ಈ ಗೆರೆ ಜನರಿಗೆ ಸ್ಪಷ್ಟವಾಗಿಲ್ಲ. ಅಧಿಕಾರಿಗಳಿಗೂ ಕೆಲವೊಮ್ಮೆ ಸ್ಪಷ್ಟವಾಗಿಲ್ಲ ಎಂದು ನನಗೆ ಅನ್ನಿಸಿದೆ.

ನಮ್ಮ ಭಾಗದವರಿಗೆ ಇದನ್ನು ವಿವರಿಸಲು ಯಶವಂತಪುರದ ಎಪಿಎಂಸಿ ಯಾರ್ಡು ಸಾಕು. ಒಂದು ಕಾಲದಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಮಾಲು ತಂದ ರೈತನಿಗೆ ಯಾವ ದರಕ್ಕೆ ವ್ಯಾಪಾರವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ನಿಯಂತ್ರಿತ ಮಾರುಕಟ್ಟೆಯ ಕಾಯ್ದೆ ಬಂದಾಗ ಅದು ಈರುಳ್ಳಿಗೆ ಬೆಲೆ ಕಟ್ಟಲಿಲ್ಲ. ಹರಾಜು ಎಲ್ಲರ ಕಣ್ಣೆದುರು ನಡೆಯಬೇಕು, ತೂಕದ ಯಂತ್ರ ಪರೀಕ್ಷೆಯಾಗಿರಬೇಕು, ವರ್ತಕನಿಗೆ ಲೈಸೆನ್ಸ್ ಇರಬೇಕು, ಹಣ ಹೊತ್ತಿಗೆ ಸರಿಯಾಗಿ ಪಾವತಿಯಾಗಬೇಕು ಎಂದಿತು. ಈರುಳ್ಳಿ ದರ ಕುಸಿದರೆ ರೈತನಿಗೆ ನಷ್ಟ ಆಗಿಯೇ ಆಗುತ್ತದೆ, ಆದರೆ ತೂಕದಲ್ಲಿ ಮೋಸವಾದರೆ ಅದಕ್ಕೆ ಮಾರುಕಟ್ಟೆ ಸಮಿತಿ ಉತ್ತರ ಹೇಳಬೇಕು. ಷೇರಿನ ವಿಷಯದಲ್ಲಿ ಸೆಬಿಯ ಕೆಲಸವೂ ಇದೇ ಬಗೆಯದು.

ಸರ್ಕಾರ ಬೆಲೆಯನ್ನೇ ಕಟ್ಟುತ್ತಿದ್ದ ಕಾಲವೂ ಇತ್ತು. 1947ರ ಬಂಡವಾಳ ನೀಡಿಕೆ ನಿಯಂತ್ರಣ ಕಾಯ್ದೆಯಡಿ ದೆಹಲಿಯ ಹಣಕಾಸು ಸಚಿವಾಲಯದಲ್ಲಿ ಒಬ್ಬ ನಿಯಂತ್ರಕರಿದ್ದರು. ಯಾವ ಕಂಪನಿ ಎಷ್ಟು ಷೇರು ಮಾರಬಹುದು, ಯಾವ ದರಕ್ಕೆ ಮಾರಬಹುದು ಎಂದು ಅವರ ಕಚೇರಿ ತೀರ್ಮಾನಿಸುತ್ತಿತ್ತು. 1988ರ ಏಪ್ರಿಲ್‌ನಲ್ಲಿ ಸೆಬಿ ಹುಟ್ಟಿದಾಗ ಅದೊಂದು ಸರ್ಕಾರಿ ನಿರ್ಣಯದ ಕೂಸು. ಕೈಯಲ್ಲಿ ಕಾನೂನಿನ ಬಲವಿರಲಿಲ್ಲ. 1992ರ ಜನವರಿಯ ಸುಗ್ರೀವಾಜ್ಞೆ, ಅದೇ ವರ್ಷದ ಸೆಬಿ ಕಾಯ್ದೆ ಆ ಬಲ ಕೊಟ್ಟವು. ಅದೇ ವರ್ಷ ನಿಯಂತ್ರಕರ ಕಚೇರಿ ಮುಚ್ಚಿತು.

ಇದರ ಪರಿಣಾಮ ಮೊದಲು ಕಂಡ ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನದು. 1993ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ಸಾರ್ವಜನಿಕರಿಗೆ ಷೇರು ಮಾರಲು ಬಂದಾಗ ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ 95 ರೂಪಾಯಿ ಎಂದು ತಾನೇ ದರ ಇಟ್ಟಿತು. ಜನ ಪೂರ್ತಿ ಕೊಳ್ಳಲಿಲ್ಲ. ಮಾರ್ಗನ್ ಸ್ಟಾನ್ಲಿ ಬಂದು ಶೇ 13ರಷ್ಟು ಪಾಲು ತೆಗೆದುಕೊಂಡಿತು. ಜೂನ್‌ನಲ್ಲಿ ಷೇರುಪೇಟೆಯಲ್ಲಿ ವಹಿವಾಟು ಶುರುವಾದಾಗ ದರ 145. ಬೆಲೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಹಕ್ಕು ದೆಹಲಿಯ ಮೇಜಿನಿಂದ ಕೊಳ್ಳುವವನ ಕೈಗೆ ಬಂದಿತ್ತು. ಹಾಗೆ ಬಂದ ಹಕ್ಕನ್ನು ಸರಿಯಾಗಿ ಬಳಸಬೇಕಾದರೆ ಅವನ ಮುಂದೆ ಕಂಪನಿಯ ನಿಜವಾದ ಲೆಕ್ಕ ಇರಬೇಕು. ಆ ಲೆಕ್ಕ ನಿಜವಾಗಿರುವಂತೆ ನೋಡಿಕೊಳ್ಳುವುದಕ್ಕೇ ಸೆಬಿ ಬೇಕಾಯಿತು.

ಸೆಬಿಗೆ ಕಾನೂನಿನ ಬಲ ಬಂದ ಅದೇ 1992ರಲ್ಲಿ, ಬ್ಯಾಂಕುಗಳ ಹಣವನ್ನು ಷೇರುಪೇಟೆಗೆ ತಿರುಗಿಸಿದ ಬ್ರೋಕರು ಹರ್ಷದ್ ಮೆಹ್ತಾ ಹಗರಣ ಹೊರಬಿತ್ತು. ಅದನ್ನು ಮುಂಬೈ ಕತೆ ಎಂದು ನಾವು ಮರೆತಿದ್ದೇವೆ. ಆದರೆ ಬೆಂಗಳೂರಿನಲ್ಲಿ ಕೇಂದ್ರವಿದ್ದ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಕೂಡ ಅದರಲ್ಲಿ ಆಳವಾಗಿ ಸಿಲುಕಿತ್ತು. ಹಿಂದೆ ಯಾವ ಸರ್ಕಾರಿ ಸಾಲಪತ್ರವೂ ಇಲ್ಲದ ಬ್ಯಾಂಕ್ ರಸೀದಿಗಳನ್ನು ನಂಬಿ ಹಣ ಕೊಟ್ಟವರ ಸಾಲಿನಲ್ಲಿ ಅದರ ಹೆಸರೂ ಇದೆ. ಕರಾವಳಿಯ ಕನ್ನಡಿಗರು ಕಟ್ಟಿದ ಬ್ಯಾಂಕಿನ ಮನೆಗೇ ಬೆಂಕಿ ತಾಗಿತ್ತು. ಆ ದಿನಗಳಲ್ಲಿ ಸೆಬಿಯ ಅಧ್ಯಕ್ಷರಾಗಿದ್ದ ಜಿ.ವಿ. ರಾಮಕೃಷ್ಣ ಬ್ರೋಕರುಗಳು ನೋಂದಣಿ ಮಾಡಿಸಿ ಶುಲ್ಕ ಕಟ್ಟಬೇಕೆಂದಾಗ ಬ್ರೋಕರುಗಳು ಮುಷ್ಕರ ಹೂಡಿದ್ದರು. ಇಂದು ನೋಂದಣಿ ಸಂಖ್ಯೆ ಇಲ್ಲದ ಬ್ರೋಕರನನ್ನು ನಾವು ನಂಬುವುದಿಲ್ಲ. ಆ ಅಭ್ಯಾಸಕ್ಕೆ ಅಷ್ಟು ಜಗಳ ಬೇಕಾಯಿತು.

ಇನ್ನು ಬೆಂಗಳೂರಿನ ಸ್ವಂತ ಷೇರುಪೇಟೆಯ ವಿಷಯ. ಜೆ.ಸಿ. ರಸ್ತೆಯ ಸ್ಟಾಕ್ ಎಕ್ಸ್‌ಚೇಂಜ್ ಟವರ್ಸ್ ಎಂಬ ಕಟ್ಟಡವನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. 1963ರಲ್ಲಿ ಕೇಂದ್ರದ ಮಾನ್ಯತೆ ಪಡೆದ ಬೆಂಗಳೂರು ಷೇರು ವಿನಿಮಯ ಕೇಂದ್ರ ಅಲ್ಲಿತ್ತು. ಮೈಸೂರು ಸೀಮೆಯ, ಹುಬ್ಬಳ್ಳಿ–ಹರಿಹರದ, ಕರಾವಳಿಯ ಕಂಪನಿಗಳು ಬಂಡವಾಳ ಎತ್ತಲು ಮುಂಬೈಗೆ ಹೋಗಬೇಕಿಲ್ಲ ಎಂಬ ಆಸೆ ಅದರ ಹಿಂದಿತ್ತು. ಎಂಬತ್ತರ ದಶಕದಲ್ಲಿ ಮಂಗಳೂರಿಗೂ ತನ್ನದೇ ಷೇರುಪೇಟೆ ಬಂತು. ಆದರೆ 1994ರಲ್ಲಿ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇ ಉಪಗ್ರಹದ ಮೂಲಕ ಊರೂರಿಗೆ ಟರ್ಮಿನಲ್ ತಂದಿಟ್ಟ ಮೇಲೆ ಪ್ರಾದೇಶಿಕ ಪೇಟೆಗಳ ವಹಿವಾಟು ಒಣಗಿತು. ಮಂಗಳೂರು ಪೇಟೆಯ ಮಾನ್ಯತೆಯನ್ನು ನವೀಕರಿಸಲು ಸೆಬಿ 2004ರಲ್ಲಿ ನಿರಾಕರಿಸಿತು. 2012ರ ಮೇ ತಿಂಗಳಲ್ಲಿ, ವರ್ಷಕ್ಕೆ 1,000 ಕೋಟಿ ರೂಪಾಯಿ ವಹಿವಾಟು ಇಲ್ಲದ ಪೇಟೆಗಳು ಎರಡು ವರ್ಷದೊಳಗೆ ಅದನ್ನು ತಲುಪಬೇಕು, ಇಲ್ಲವೇ ಬಾಗಿಲು ಹಾಕಬೇಕು ಎಂದು ಸುತ್ತೋಲೆ ಬಂತು. 2014ರ ಡಿಸೆಂಬರ್‌ನಲ್ಲಿ ಬೆಂಗಳೂರು ಪೇಟೆಯ ನಿರ್ಗಮನಕ್ಕೆ ಸೆಬಿ ಒಪ್ಪಿಗೆ ಕೊಟ್ಟಿತು.

ವಹಿವಾಟಿಲ್ಲದ ಪೇಟೆಯನ್ನು ಹೆಸರಿಗೆ ಉಳಿಸಿಕೊಂಡರೆ ದರ ತಿರುಚುವವರಿಗೆ ಅನುಕೂಲ. ಮುಚ್ಚಿದ್ದನ್ನು ನಾನು ತಪ್ಪೆನ್ನಲಾರೆ. ಮುಚ್ಚಿದ ರೀತಿಯಲ್ಲಿ ಮಾತ್ರ ಸಣ್ಣ ಹೂಡಿಕೆದಾರನ ನೆನಪು ತಡವಾಗಿ ಬಂತು. ಬೇರೆಲ್ಲೂ ಇರದೆ ಪ್ರಾದೇಶಿಕ ಪೇಟೆಯಲ್ಲಷ್ಟೇ ನೋಂದಣಿಯಾಗಿದ್ದ ಕಂಪನಿಗಳನ್ನು ಪ್ರಸಾರ ಫಲಕ ಎಂಬ ಪಟ್ಟಿಗೆ ಸೇರಿಸಿದರು. ಅವುಗಳ ಷೇರುದಾರರಿಗೆ ಮಾರಲು ಪೇಟೆಯೇ ಇಲ್ಲವಾಯಿತು. ಆ ಕಂಪನಿಗಳು ದೊಡ್ಡ ಪೇಟೆಯಲ್ಲಿ ನೋಂದಣಿ ಪಡೆಯಬೇಕು ಅಥವಾ ಷೇರುದಾರರಿಗೆ ಹಣ ಕೊಟ್ಟು ಬಿಡಿಸಬೇಕು ಎಂದು ಖಚಿತವಾಗಿ ಹೇಳುವ ಹೊತ್ತಿಗೆ 2016 ಆಗಿತ್ತು. ಅಪ್ಪನ ಕಾಲದ ಷೇರುಪತ್ರ ಹಿಡಿದು ಇದಕ್ಕೆ ಬೆಲೆ ಇದೆಯೇ ಎಂದು ಕೇಳುವ ಮನೆಗಳು ಯಲಹಂಕದಲ್ಲಿ ಇಂದಿಗೂ ಇವೆ.

ಸ್ವಂತ ಪೇಟೆ ಕಳೆದುಕೊಂಡ ಇದೇ ಊರು ಇಂದು ದೇಶಕ್ಕೆಲ್ಲ ಷೇರು ಕೊಡಿಸುತ್ತಿದೆ. ಅತಿ ಹೆಚ್ಚು ಸಕ್ರಿಯ ಗ್ರಾಹಕರನ್ನು ಹೊಂದಿರುವ ಬ್ರೋಕರು ಸಂಸ್ಥೆಗಳಾದ ಗ್ರೋ ಮತ್ತು ಜೆರೋಧಾ ಎರಡೂ ಬೆಂಗಳೂರಿನ ಕಂಪನಿಗಳು. ಪೇಟೆ ಜೆ.ಸಿ. ರಸ್ತೆಯ ಸಭಾಂಗಣದಿಂದ ಹೊರಟು ಕೋಗಿಲು ಕ್ರಾಸ್‌ನ ಬಸ್ ನಿಲ್ದಾಣದಲ್ಲಿ ನಿಂತ ಹುಡುಗನ ಮೊಬೈಲಿಗೆ ಬಂದಿದೆ. ಕಾಯುವವರ ಕೇಂದ್ರ ಕಚೇರಿ ಮಾತ್ರ ಮುಂಬೈನ ಬಾಂದ್ರಾ–ಕುರ್ಲಾದಲ್ಲಿದೆ, ದಕ್ಷಿಣದ ಪ್ರಾದೇಶಿಕ ಕಚೇರಿ ಚೆನ್ನೈನಲ್ಲಿದೆ. ಈ ಅಳತೆ ಬದಲಾಗಬೇಕು.

ಸೆಬಿ ಒಳ್ಳೆಯದು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಕಾಗದದ ಷೇರುಪತ್ರದ ಕಾಲ ಕಂಡವರಿಗೆ ಗೊತ್ತು: ಸಹಿ ಹೊಂದಲಿಲ್ಲ ಎಂದು ಪತ್ರ ವಾಪಸ್, ಅಂಚೆಯಲ್ಲಿ ಕಳವು, ನಕಲಿ ಪತ್ರ, ವಾರಗಟ್ಟಲೆ ಕಾಯುವುದು. 1996ರ ಡಿಪಾಸಿಟರಿ ಕಾಯ್ದೆಯಿಂದ ಶುರುವಾದ ಡಿಮ್ಯಾಟ್, ಅಂದರೆ ಷೇರನ್ನು ಗಣಕದ ಖಾತೆಯಲ್ಲಿಡುವ ವ್ಯವಸ್ಥೆ, ಇದಕ್ಕೆಲ್ಲ ಕೊನೆ ಹಾಡಿತು. 2023ರ ಜನವರಿಯಿಂದ ಎಲ್ಲ ಷೇರುಗಳಲ್ಲೂ ವ್ಯಾಪಾರದ ಮರುದಿನವೇ ಲೆಕ್ಕ ಚುಕ್ತಾ ಆಗುತ್ತಿದೆ. ಅಮೆರಿಕ ಅದಕ್ಕೆ ಬಂದದ್ದು 2024ರಲ್ಲಿ. ಐಪಿಒಗೆ, ಅಂದರೆ ಕಂಪನಿ ಮೊದಲ ಬಾರಿ ಸಾರ್ವಜನಿಕರಿಗೆ ಮಾರುವ ಷೇರಿಗೆ, ಅರ್ಜಿ ಹಾಕಿದರೆ ಷೇರು ಸಿಗುವವರೆಗೆ ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ, ಬಡ್ಡಿಯೂ ನಿಮ್ಮದೇ. 2019ರ ನವೆಂಬರ್‌ನಲ್ಲಿ ಹೈದರಾಬಾದಿನ ಕಾರ್ವಿ ಬ್ರೋಕಿಂಗ್ ಗ್ರಾಹಕರ ಷೇರುಗಳನ್ನು ತನ್ನದೆಂಬಂತೆ ಅಡವಿಟ್ಟು ಸಾಲ ಎತ್ತಿದ್ದು ಬಯಲಾದಾಗ ಸೆಬಿ ಕೂಡಲೇ ಆದೇಶ ಹೊರಡಿಸಿತು, ಹೆಚ್ಚಿನ ಗ್ರಾಹಕರ ಷೇರು ಅವರ ಖಾತೆಗೆ ಮರಳಿತು. 2020ರ ಸೆಪ್ಟೆಂಬರ್‌ನಿಂದ ಅಡವಿನ ನಿಯಮವೇ ಬದಲಾಯಿತು. ಈಗ ನಿಮ್ಮ ಒಪ್ಪಿಗೆಯಿಲ್ಲದೆ ಬ್ರೋಕರು ನಿಮ್ಮ ಷೇರನ್ನು ಒತ್ತೆ ಇಡಲಾಗದು. ಮಾನ್ಯತಾದಲ್ಲಿ ಕೆಲಸ ಮಾಡುವ ಮಕ್ಕಳು ಮೂರು ತಿಂಗಳಿಗೊಮ್ಮೆ ಟ್ರೇಡಿಂಗ್ ವಿಂಡೋ ಮುಚ್ಚಿದೆ, ಕಂಪನಿಯ ಷೇರು ಮುಟ್ಟಬೇಡಿ ಎಂಬ ಇಮೇಲ್ ಪಡೆಯುತ್ತಾರಲ್ಲ, ಅದೂ ಸೆಬಿಯ ನಿಯಮದಿಂದಲೇ. ತ್ರೈಮಾಸಿಕ ಲೆಕ್ಕ ಊರಿಗೆ ತಿಳಿದು 48 ಗಂಟೆ ಕಳೆಯುವವರೆಗೆ ಒಳಗಿನವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ.

ವಹಿವಾಟಿನ ವ್ಯವಸ್ಥೆಗೆ ಸಂಬಂಧಿಸಿದ ಈ ಕೆಲಸಗಳಲ್ಲಿ ಸೆಬಿ ಜಗತ್ತಿನ ಮುಂಚೂಣಿಯಲ್ಲಿದೆ. ತಪ್ಪಿತಸ್ಥರನ್ನು ಹಿಡಿದು ನ್ಯಾಯ ಮುಟ್ಟಿಸುವ ವಿಷಯದಲ್ಲಿ ನನಗೆ ಅದೇ ಸಮಾಧಾನವಿಲ್ಲ.

ಕಾಫಿ ಡೇಯನ್ನೇ ತೆಗೆದುಕೊಳ್ಳಿ. ಚಿಕ್ಕಮಗಳೂರಿನ ತೋಟದಿಂದ ಹೊರಟು ಬ್ರಿಗೇಡ್ ರಸ್ತೆಯ ಮೊದಲ ಅಂಗಡಿಯ ಮೂಲಕ ದೇಶಕ್ಕೆಲ್ಲ ಕಾಫಿ ಕುಡಿಸಿದ ಕಂಪನಿ ಅದು. ವಿ.ಜಿ. ಸಿದ್ಧಾರ್ಥ ಸಾವಿರಾರು ಮಲೆನಾಡಿನ ಮಕ್ಕಳಿಗೆ ಕೆಲಸ ಕೊಟ್ಟರು; ಅವರ ಬಗ್ಗೆ ಆ ಸೀಮೆಯಲ್ಲಿ ಇಂದಿಗೂ ಗೌರವವಿದೆ, ನನಗೂ ಇದೆ. 2015ರಲ್ಲಿ ಕಂಪನಿ ಷೇರಿಗೆ 328 ರೂಪಾಯಿಯಂತೆ 1,150 ಕೋಟಿ ರೂಪಾಯಿಯ ಐಪಿಒ ತಂದಾಗ ನಮ್ಮವರದೇ ಕಂಪನಿ ಎಂಬ ಅಭಿಮಾನದಿಂದ ಕೊಂಡವರು ಕರ್ನಾಟಕದಲ್ಲಿ ಬಹಳ ಮಂದಿ. 2019ರ ಜುಲೈ ಕೊನೆಯಲ್ಲಿ ಸಿದ್ಧಾರ್ಥ ತೀರಿಕೊಂಡರು. ಷೇರಿನ ದರ ಪಾತಾಳಕ್ಕೆ ಇಳಿಯಿತು.

ಸೆಬಿಯ ಅಂತಿಮ ಆದೇಶ ಬಂದದ್ದು 2023ರ ಜನವರಿಯಲ್ಲಿ. ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕ ಕುಟುಂಬಕ್ಕೆ ಸೇರಿದ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿದೆ ಎಂದು ಅದು ಹೇಳಿತು. ಆ ಹಣವನ್ನು ವಸೂಲಿ ಮಾಡಬೇಕೆಂದಿತು. ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ರೂಪಾಯಿ ದಂಡ ಹಾಕಿತು. ಅದೇ ವರ್ಷ ಹಣಕಾಸು ವರದಿಗಳ ರಾಷ್ಟ್ರೀಯ ಪ್ರಾಧಿಕಾರ ಲೆಕ್ಕಪರಿಶೋಧಕರ ಮೇಲೂ ಕ್ರಮ ಕೈಗೊಂಡಿತು.

ಇಲ್ಲಿ ನನ್ನ ತಕರಾರು ಎರಡು. ಇಷ್ಟು ದೊಡ್ಡ ಮೊತ್ತ ಒಂದು ದಿನದಲ್ಲಿ ಹರಿದು ಹೋಗುವಂಥದ್ದಲ್ಲ. ಪ್ರತಿ ವರ್ಷದ ಬ್ಯಾಲೆನ್ಸ್ ಶೀಟಿಗೆ ಲೆಕ್ಕಪರಿಶೋಧಕರ ಸಹಿ ಬಿದ್ದಿತ್ತು, ಆಡಳಿತ ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರಿದ್ದರು, ತ್ರೈಮಾಸಿಕ ವರದಿಗಳು ಪೇಟೆಗೆ ಸಲ್ಲಿಕೆಯಾಗುತ್ತಿದ್ದವು. ಒಬ್ಬ ಮನುಷ್ಯ ಸತ್ತು, ಅವನು ಬರೆದದ್ದೆನ್ನಲಾದ ಪತ್ರ ಹೊರಬಂದ ಮೇಲಷ್ಟೇ ವಿಷಯ ಬಯಲಾಗಬೇಕಿತ್ತೇ? ಆಮೇಲೂ ಆದೇಶಕ್ಕೆ ಮೂರೂವರೆ ವರ್ಷ ಹಿಡಿಯಿತು.

ಎರಡನೆಯದು ದಂಡದ ದಾರಿ. ಹಣ ಹೊರಗೆ ಹರಿದು ಬರಿದಾದ ಕಂಪನಿಯ ಮೇಲೆ ದಂಡ ಹಾಕಿದರೆ ಅದನ್ನು ಕಟ್ಟಬೇಕಾದವರು ಯಾರು? 328 ರೂಪಾಯಿ ಕೊಟ್ಟು ಕೊಂಡ ಅದೇ ಷೇರುದಾರರು. ಮೋಸಹೋದವನ ಜೇಬಿನಿಂದಲೇ ದಂಡ ವಸೂಲಿ ಮಾಡಿ ಸರ್ಕಾರದ ಖಜಾನೆಗೆ ತುಂಬಿದಂತಾಯಿತು. ಕಂಪನಿಯೆಂಬ ಕಾನೂನಿನ ವ್ಯಕ್ತಿಯನ್ನು ಶಿಕ್ಷಿಸುವುದು ಸುಲಭ, ಅದಕ್ಕೆ ಕಣ್ಣೀರಿಲ್ಲ, ಜಾಮೀನಿಲ್ಲ. ತೀರ್ಮಾನಕ್ಕೆ ಸಹಿ ಹಾಕಿದ ಕೈಗಳನ್ನು ಹುಡುಕುವುದು ಕಷ್ಟ. ಕಷ್ಟದ ಆ ಕೆಲಸಕ್ಕೇ ಸೆಬಿಗೆ ಶೋಧ, ಜಪ್ತಿ, ಹೇಳಿಕೆ ಪಡೆಯುವ ಅಧಿಕಾರಗಳನ್ನು ಸಂಸತ್ತು ಕೊಟ್ಟಿರುವುದು. ಪ್ರವರ್ತಕರು, ನಿರ್ದೇಶಕರು, ಲೆಕ್ಕಾಧಿಕಾರಿಗಳಿಂದ ವಸೂಲಾದ ಹಣ ಷೇರುದಾರರಿಗೆ ಸೇರಬೇಕು ಎಂಬುದನ್ನು ಸೆಬಿ ತನ್ನ ಮೊದಲ ನಿಯಮ ಮಾಡಿಕೊಳ್ಳಬೇಕು.

ಈಗ ಇನ್ನೊಂದು ಪ್ರಕರಣಕ್ಕೆ ಬರುತ್ತೇನೆ. ಇದರಲ್ಲಿ ಷೇರುಪೇಟೆ ಇಲ್ಲವೇ ಇಲ್ಲ, ಆದರೂ ಇಂದಿನ ವಿಷಯಕ್ಕೆ ಇದಕ್ಕಿಂತ ಹತ್ತಿರವಾದದ್ದು ಮತ್ತೊಂದಿಲ್ಲ. ಬೆಂಗಳೂರಿನ ಶಿವಾಜಿನಗರದ ಸುತ್ತಮುತ್ತ ಬೆಳೆದ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, 2006ರಿಂದ ಹಣ ಸಂಗ್ರಹಿಸುತ್ತಿತ್ತು. ಬಡ್ಡಿ ಒಲ್ಲದ ಮುಸ್ಲಿಂ ಕುಟುಂಬಗಳಿಗೆ ಇದು ಧರ್ಮಕ್ಕೆ ಒಪ್ಪುವ ಲಾಭ ಎಂದು ಹೇಳಿ ತಿಂಗಳು ತಿಂಗಳು ಹಣ ಕೊಡುತ್ತಿತ್ತು. ಮಗಳ ಮದುವೆಗೆಂದು ಕೂಡಿಟ್ಟ ಹಣ, ಗಲ್ಫ್‌ನಲ್ಲಿ ದುಡಿದು ತಂದ ಹಣ ಅಲ್ಲಿಗೆ ಹೋಯಿತು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿ ಮಾಲೀಕ ದುಬೈಗೆ ಹೋದಾಗ ಹತ್ತಾರು ಸಾವಿರ ಜನ ದೂರು ಕೊಡಲು ಸಾಲುಗಟ್ಟಿದರು. ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ಹೇಳಲಾಯಿತು. ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಮನೆಗಳೂ ಅದರಲ್ಲಿದ್ದವು.

ಅದು ಬ್ಯಾಂಕಾಗಿರಲಿಲ್ಲ, ಆದ್ದರಿಂದ ರಿಸರ್ವ್ ಬ್ಯಾಂಕಿನ ನೇರ ಹಿಡಿತಕ್ಕೆ ಸಿಗಲಿಲ್ಲ; ಅನುಮಾನ ಬಂದಾಗ ರಿಸರ್ವ್ ಬ್ಯಾಂಕ್ ರಾಜ್ಯ ಸರ್ಕಾರದ ಗಮನಕ್ಕೆ ತಂದಿತ್ತು. ಚೀಟಿ ಸಂಸ್ಥೆಯಲ್ಲ, ಸಹಕಾರ ಸಂಘವೂ ಅಲ್ಲ, ಹಾಗಾಗಿ ಆ ರಿಜಿಸ್ಟ್ರಾರುಗಳ ವ್ಯಾಪ್ತಿಗೂ ಬರಲಿಲ್ಲ. ಹಣ ಹಾಕಿದವರನ್ನು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಲ್ಲಿ ಪಾಲುದಾರರು ಎಂದು ತೋರಿಸಲಾಗಿತ್ತು, ಹಾಗಾಗಿ ಠೇವಣಿಯೂ ಅಲ್ಲ ಎಂಬ ವಾದ ಎದ್ದಿತು. ರಾಜ್ಯದಲ್ಲಿ 2004ರಿಂದ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಅದರಡಿ ವಿಚಾರಣೆಯ ಹೊಣೆ ಕಂದಾಯ ಇಲಾಖೆಯ ಅಧಿಕಾರಿಯದು. ಪಹಣಿ, ಪೋಡಿ, ಅತಿಕ್ರಮಣ ತೆರವು, ಚುನಾವಣೆ ಎಲ್ಲವನ್ನೂ ಹೊತ್ತ ಕಚೇರಿಯ ಮೇಲೆ ಸಾವಿರಾರು ಕೋಟಿಯ ಹಣಕಾಸು ಜಾಲವನ್ನು ಬಿಡಿಸುವ ಹೊಣೆ ಬಿತ್ತು. ಅಂಥ ತನಿಖೆಗೆ ಬೇಕಾದ ತಜ್ಞರು ಅಲ್ಲಿ ಇರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇಲ್ಲಿ ಸೆಬಿಗೆ ಬಾಗಿಲು ತೆರೆದೇ ಇತ್ತು. ಸಹಾರಾ ಪ್ರಕರಣದಲ್ಲಿ 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್, ಖಾಸಗಿ ಸಾಲಪತ್ರ ಎಂಬ ಹೆಸರಿಟ್ಟು ಕೋಟ್ಯಂತರ ಜನರಿಂದ ಹಣ ಎತ್ತಿದರೆ ಅದು ಸಾರ್ವಜನಿಕ ನೀಡಿಕೆಯೇ, ಸೆಬಿಯ ವ್ಯಾಪ್ತಿಗೆ ಬರುತ್ತದೆ ಎಂದು ಹೇಳಿ, 24,000 ಕೋಟಿಗೂ ಹೆಚ್ಚು ಮೊತ್ತವನ್ನು ಬಡ್ಡಿಸಹಿತ ಮರಳಿಸಲು ಆದೇಶಿಸಿತ್ತು. ಬಂಗಾಳದ ಶಾರದಾ ಕಂಪನಿಯ ಹಣ ಸಂಗ್ರಹದ ಹಗರಣದ ನಂತರ 2014ರಲ್ಲಿ ಸಂಸತ್ತು ಸೆಬಿ ಕಾಯ್ದೆಗೆ ತಿದ್ದುಪಡಿ ತಂದು, ನೋಂದಣಿಯಿಲ್ಲದೆ 100 ಕೋಟಿ ಅಥವಾ ಅದಕ್ಕೂ ಹೆಚ್ಚು ಹಣ ಒಟ್ಟುಗೂಡಿಸಿದ ಯಾವುದೇ ಯೋಜನೆಯನ್ನು ಸಾಮೂಹಿಕ ಹೂಡಿಕೆ ಯೋಜನೆ ಎಂದೇ ಭಾವಿಸಬೇಕು ಎಂದಿತು. ಬೆಂಗಳೂರಿನ ನಡುಮಧ್ಯೆ ಫಲಕ ಹಾಕಿಕೊಂಡು, ಜಾಹೀರಾತು ಕೊಟ್ಟುಕೊಂಡು ಹಣ ಸೇರಿಸುತ್ತಿದ್ದ ಸಂಸ್ಥೆ ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. ರಿಸರ್ವ್ ಬ್ಯಾಂಕು, ಸೆಬಿ, ಪೊಲೀಸು, ರಿಜಿಸ್ಟ್ರಾರು ಎಲ್ಲರೂ ಕೂತು ಮಾಹಿತಿ ಹಂಚಿಕೊಳ್ಳುವ ರಾಜ್ಯಮಟ್ಟದ ಸಮನ್ವಯ ಸಮಿತಿಯೂ ಇತ್ತು. ಇಷ್ಟೆಲ್ಲ ಇದ್ದೂ ಯಾರೂ ಇದು ನನ್ನ ಕೆಲಸ ಎನ್ನಲಿಲ್ಲ. ಹೊಣೆಯನ್ನು ಐದಾರು ಕಚೇರಿಗಳಿಗೆ ಹಂಚಿದಾಗ ಅದು ಯಾರ ಮೇಲೂ ನಿಲ್ಲಲಿಲ್ಲ. ಅದೇ 2019ರಲ್ಲಿ ನಿಯಂತ್ರಣವಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂತು. ಕಾಯ್ದೆ ಬಂದ ಮೇಲೂ ವಿಚಾರಣೆಗೆ ನುರಿತ ಜನ ಇರಬೇಕು, ಅವರು ಮೊದಲ ಗುಮಾನಿಗೇ ಬಾಗಿಲು ತಟ್ಟಬೇಕು.

ಗುಮಾನಿಗೆ ಕಿವಿಗೊಡದ ತಪ್ಪು ಬೇರೆಡೆಯೂ ಆಗಿದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 1934ರಲ್ಲಿ ಹುಟ್ಟಿದ್ದು. ಅನುಭವದಲ್ಲಿ ಸೆಬಿಗಿಂತ ಬಹಳ ಹಿರಿಯ. ಹೂಡಿಕೆದಾರರನ್ನು ವಂಚಿಸುತ್ತಿದ್ದ ಬರ್ನಿ ಮ್ಯಾಡಾಫ್ ಬಗ್ಗೆ ಹ್ಯಾರಿ ಮಾರ್ಕೊಪೊಲಸ್ ಎಂಬಾತ ವರ್ಷಗಟ್ಟಲೆ ಲೆಕ್ಕ ಸಮೇತ ದೂರು ಕೊಟ್ಟರೂ ಅದು ಕಿವಿಗೊಡಲಿಲ್ಲ, 2008ರಲ್ಲಿ ಎಲ್ಲ ಕುಸಿದ ಮೇಲೆ ಎಚ್ಚೆತ್ತಿತು. ದೂರು ಕೊಟ್ಟವನ ಮಾತನ್ನು ಕೇಳಿಸಿಕೊಳ್ಳುವ ಕಿವಿಯೇ ನಿಯಂತ್ರಕನ ಮುಖ್ಯ ಅಂಗ ಎಂದು ನಾನು ತಿಳಿದಿದ್ದೇನೆ. ಸಹಾರಾ ಪ್ರಕರಣ ಬಿಚ್ಚಿಕೊಂಡಿದ್ದರಲ್ಲಿ ಸಾಮಾನ್ಯನೊಬ್ಬ ಬರೆದ ದೂರಿನ ಪತ್ರಕ್ಕೂ ಪಾಲಿತ್ತು.

ಇನ್ನು ನಮ್ಮ ಹುಡುಗರನ್ನು ನೇರವಾಗಿ ಮುಟ್ಟುವುದು ಎಫ್ ಆ್ಯಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ, ಮುಂದಿನ ದರದ ಮೇಲೆ ಮಾಡುವ ಒಪ್ಪಂದಗಳ ವಹಿವಾಟು. ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಅದರಲ್ಲಿ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಆಡಿದವರಲ್ಲಿ ಮುಕ್ಕಾಲು ಪಾಲಿನವರ ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆ. 2023–24ರಲ್ಲಿ ನೂರಕ್ಕೆ 43 ಮಂದಿ ಮೂವತ್ತು ವರ್ಷದೊಳಗಿನವರು. ಅವರು ಕಳೆದುಕೊಂಡದ್ದನ್ನು ಗಳಿಸಿದವರು ಗಣಕಯಂತ್ರಗಳಿಂದ ಕ್ಷಣಾರ್ಧದಲ್ಲಿ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳು, ವಿದೇಶಿ ಹೂಡಿಕೆದಾರರು. ಆ ಅಂಕಿಅಂಶ ಬಂದ ಬೆನ್ನಿಗೆ ಸೆಬಿ ಒಪ್ಪಂದದ ಕನಿಷ್ಠ ಗಾತ್ರವನ್ನು 15 ಲಕ್ಷ ರೂಪಾಯಿಗೆ ಏರಿಸಿತು, ವಾರದ ಆಪ್ಷನ್ಸ್‌ಗಳನ್ನು ಒಂದು ಪೇಟೆಗೆ ಒಂದೇ ಸೂಚ್ಯಂಕ ಎಂದು ಮಿತಿಗೊಳಿಸಿತು. 2025ರ ಜುಲೈನಲ್ಲಿ ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆ ಬ್ಯಾಂಕ್ ನಿಫ್ಟಿ ಸೂಚ್ಯಂಕವನ್ನು ತಿರುಚಿದೆ ಎಂಬ ಆರೋಪದ ಮೇಲೆ 4,843 ಕೋಟಿ ರೂಪಾಯಿಯನ್ನು ಮುಟ್ಟುಗೋಲು ಹಾಕಲು ಮಧ್ಯಂತರ ಆದೇಶ ಹೊರಡಿಸಿತು. ಅದಾದ ಕೆಲವೇ ದಿನಕ್ಕೆ ಬಂದ ಹೊಸ ಲೆಕ್ಕ: 2024–25ರಲ್ಲೂ ಶೇ 91 ಜನರಿಗೆ ನಷ್ಟ, ಮೊತ್ತ ಒಂದು ಲಕ್ಷ ಕೋಟಿಗೂ ಮೇಲೆ.

ಹಾಗಾದರೆ ನಿಯಂತ್ರಕ ಇದನ್ನು ನಿಷೇಧಿಸಬೇಕೇ? ಬೆಳೆಗಾರನಿಗೆ, ರಫ್ತುದಾರನಿಗೆ, ಫಂಡ್‌ಗಳಿಗೆ ಮುಂದಿನ ದರದ ಅಪಾಯದಿಂದ ರಕ್ಷಿಸಿಕೊಳ್ಳಲು ಈ ಉಪಕರಣ ಬೇಕು. ಪೂರ್ತಿ ನಿಷೇಧವನ್ನು ನಾನು ಒಪ್ಪುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕು ಲಕ್ಷ ಗಳಿಸುವ ಇಪ್ಪತ್ತೈದರ ಹುಡುಗನಿಗೆ ಮೊಬೈಲಿನಲ್ಲಿ ಎರಡು ಸಲ ಒತ್ತಿದರೆ ಆಪ್ಷನ್ಸ್ ಸಿಗುವಂತೆ ಬಿಡುವುದು ನಿಯಂತ್ರಣವಲ್ಲ. ಆದಾಯ, ತಿಳಿವಳಿಕೆ ನೋಡದೆ ಯಾರಿಗೂ ಈ ವಿಭಾಗ ತೆರೆಯಬಾರದು. ಸೆಬಿ ಈ ಹೆಜ್ಜೆ ಇಡಲು ಹಿಂಜರಿಯುತ್ತಿದೆ, ಪೇಟೆಗಳಿಗೂ ಬ್ರೋಕರುಗಳಿಗೂ ಇದರಿಂದ ಬರುವ ಶುಲ್ಕ ದೊಡ್ಡದು. ಕಾಯ್ದೆಯ ಪೀಠಿಕೆಯಲ್ಲಿ ಹೂಡಿಕೆದಾರರ ಹಿತರಕ್ಷಣೆ ಮೊದಲು ಬರುತ್ತದೆ, ಪೇಟೆಯ ಬೆಳವಣಿಗೆ ಆಮೇಲೆ. ಆ ಕ್ರಮ ಉಳಿಯಬೇಕು.

ಕಾವಲುಗಾರನನ್ನು ಯಾರು ಕಾಯುತ್ತಾರೆ ಎಂದು ಕೇಳುವುದೂ ನಮ್ಮ ಹಕ್ಕು. ನಿಯಮ ಮಾಡುವವರೂ, ತನಿಖೆ ಮಾಡುವವರೂ, ಶಿಕ್ಷೆ ಕೊಡುವವರೂ ಒಬ್ಬರೇ ಆದ ಸಂಸ್ಥೆ ಇದು. ಅದಕ್ಕಾಗಿಯೇ ಷೇರು ಮೇಲ್ಮನವಿ ನ್ಯಾಯಮಂಡಳಿ ಇದೆ, ಅದರ ಮೇಲೆ ಸುಪ್ರೀಂ ಕೋರ್ಟ್ ಇದೆ. 2024ರಲ್ಲಿ ಸೆಬಿಯ ಅಂದಿನ ಅಧ್ಯಕ್ಷರ ಹೂಡಿಕೆಗಳ ಬಗ್ಗೆ ಆರೋಪಗಳು ಎದ್ದವು. ಲೋಕಪಾಲ 2025ರಲ್ಲಿ ಆ ದೂರುಗಳನ್ನು ತಳ್ಳಿಹಾಕಿತು. ಅದಕ್ಕೂ ಮೊದಲೇ ಅಧಿಕಾರಿಗಳ ಆಸ್ತಿ, ಹಿತಾಸಕ್ತಿಗಳ ಘೋಷಣೆಯ ನಿಯಮ ಪರಿಶೀಲಿಸಲು ಸೆಬಿ ಸಮಿತಿ ನೇಮಿಸಿತು. ಅದು ಸರಿಯಾದ ಕೆಲಸ. ಕಂಪನಿಗಳಿಂದ ಎಲ್ಲವನ್ನೂ ಬಯಲಿಗಿಡಿ ಎಂದು ಕೇಳುವ ಸಂಸ್ಥೆಯ ಒಳಗೂ ಅದೇ ಬಯಲು ಇರಬೇಕು.

ಕೊನೆಯದಾಗಿ ಭಾಷೆಯ ಮಾತು. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಇರುವ ಕಂಪನಿ ಐಪಿಒ ತಂದರೆ ಒಂದು ಇಂಗ್ಲಿಷ್, ಒಂದು ಹಿಂದಿ ಪತ್ರಿಕೆಯ ಜೊತೆ ಒಂದು ಕನ್ನಡ ಪತ್ರಿಕೆಯಲ್ಲೂ ಜಾಹೀರಾತು ಕೊಡಬೇಕು ಎಂಬ ನಿಯಮವಿದೆ. ಆದರೆ ಹೂಡಿಕೆದಾರನಿಗೆ ಸುಲಭವಾಗಿ ತಿಳಿಯಲೆಂದು 2024ರಲ್ಲಿ ಸೆಬಿ ಕಡ್ಡಾಯ ಮಾಡಿದ ಐಪಿಒ ವಿಡಿಯೊಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ದೇಶದ ಅತಿ ದೊಡ್ಡ ಬ್ರೋಕರುಗಳಿರುವ ರಾಜ್ಯದ ಭಾಷೆಯಲ್ಲಿ ಅದಿಲ್ಲ. ಕಂಪನಿಯ ಅಪಾಯಗಳನ್ನು ತಿಳಿಸುವ ದಾಖಲೆ ಓದುಗನಿಗೆ ಅರ್ಥವಾಗದಿದ್ದರೆ, ತಿಳಿಸಿದ್ದೇವೆ ಎಂದು ಹೇಳಿಕೊಳ್ಳಲು ಬರುವುದಿಲ್ಲ. ಕನ್ನಡದಲ್ಲಿ ಹಣಕಾಸು ಶಿಕ್ಷಣದ ಪುಸ್ತಿಕೆಯನ್ನು ಸೆಬಿ ತಂದಿದೆ, ಅದು ಒಳ್ಳೆಯದು. ಅದಕ್ಕಿಂತ ಸಾವಿರ ಪಟ್ಟು ವೇಗದಲ್ಲಿ ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಶುದ್ಧ ಕನ್ನಡದಲ್ಲೇ ಸುಳ್ಳು ಟಿಪ್ಸ್ ಹರಿಯುತ್ತಿವೆ. ಮೋಸಗಾರರು ನಮ್ಮ ಭಾಷೆ ಕಲಿತಿದ್ದಾರೆ. ನಮ್ಮನ್ನು ಕಾಯುವವರು ಇನ್ನೂ ಕಲಿಯಬೇಕಿದೆ.

ಬಂಧುಗಳೇ, ಈ ಸಭೆಯಿಂದ ಒಂದು ಮನವಿ ಹೋಗಲಿ ಎಂದು ಕೇಳುತ್ತೇನೆ. ಬೆಂಗಳೂರಿನಲ್ಲಿ ತನಿಖೆಯ ಬಲವುಳ್ಳ ಸೆಬಿ ಕಚೇರಿ ಇರಲಿ, ಅಲ್ಲಿ ಕನ್ನಡದಲ್ಲಿ ದೂರು ಸ್ವೀಕರಿಸಿ ಕನ್ನಡದಲ್ಲೇ ಉತ್ತರ ಕೊಡುವ ವ್ಯವಸ್ಥೆಯಾಗಲಿ, ಐಪಿಒ ವಿಡಿಯೊಗಳು ಕನ್ನಡದಲ್ಲೂ ಬರಲಿ ಎಂದು ಅಧ್ಯಕ್ಷರು ಸಭೆಯ ಪರವಾಗಿ ಬರೆಯಲಿ. ನೀವು ಯಾರಿಗೇ ಹಣ ಕೊಡುವ ಮೊದಲು ಅವರ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ಜಾಲತಾಣದಲ್ಲಿ ಆ ಸಂಖ್ಯೆ ಇದೆಯೇ ಎಂದು ಮಕ್ಕಳಿಂದ ನೋಡಿಸಿ. ಸಂಖ್ಯೆ ಇಲ್ಲದವರಿಗೆ, ಲಾಭ ಗ್ಯಾರಂಟಿ ಎನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ. ಅನ್ಯಾಯವಾಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ದಾಖಲಿಸಿ, 1800 22 7575ಕ್ಕೆ ಫೋನ್ ಮಾಡಿ, ಆನ್‌ಲೈನಿನಲ್ಲಿ ಮೋಸವಾಗಿದ್ದರೆ ಹಣ ಹೋದ ದಿನವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ದೂರು ಬರೆಯಲು ಬಾರದವರು ಈ ಸಭಾಂಗಣಕ್ಕೆ ಬನ್ನಿ, ನಾವು ಕೂತು ಬರೆದುಕೊಡೋಣ.